ಬೆಸ ತಾರೀಖಿನ ಅಕ್ಕ

ಅಕ್ಕ ನಿವೃತ್ತಿಯಾದ ದಿನ ಗ್ರಂಥಾಲಯದ ದೊಡ್ಡ ಸಾಹೇಬರು ಭಾಷಣದ ನಡುವೆ ಒಂದು ತಮಾಷೆ ಹಾರಿಸಿದರು. “ನೋಡಿ, ಮೂವತ್ತೈದು ವರ್ಷದಿಂದ ಈ ಕಟ್ಟಡದಲ್ಲಿ ಏನೇ ತಪ್ಪಾಗಲಿ, ‘ಯಾರು ಮಾಡಿದ್ದು?’ ಅಂತ ಕೇಳಿ ಮುಗಿಸೋಕೆ ಮುಂಚೆ ನಮ್ಮ ಬೈಂಡಿಂಗ್ ಮೇಡಂ ‘ನಾನು ಸರ್’ ಅಂದುಬಿಡೋರು. ಫ್ಯಾನ್ ನಿಂತರೂ ನಾನು ಸರ್, ನಲ್ಲಿ ಸೋರಿದರೂ ನಾನು ಸರ್. ನಾಳೆಯಿಂದ ನಾವು ಯಾರನ್ನ ಬೈಯೋದು ಹೇಳಿ!”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ವೇದಿಕೆಯ ಮೇಲೆ ಕುಳಿತಿದ್ದ ಅಕ್ಕನೂ ನಕ್ಕು, ಚಪ್ಪಾಳೆ ತಟ್ಟಿದಳು. ಅವಳ ಬಲಗೈಯ ಮೂರು ಬೆರಳು ನೆಟ್ಟಗಾಗುವುದಿಲ್ಲ, ಯಾವಾಗಲೂ ಏನನ್ನೋ ಹಿಡಿದುಕೊಂಡಿರುವಂತೆ ಅರ್ಧ ಮಡಚಿಕೊಂಡೇ ಇರುತ್ತವೆ. ಹಾಗಾಗಿ ಅವಳ ಚಪ್ಪಾಳೆಗೆ ಸದ್ದಿಲ್ಲ.

ನಾನು ನಗಲಿಲ್ಲ. ಎರಡನೇ ಸಾಲಿನಲ್ಲಿ ಕುಳಿತು ಹಲ್ಲು ಕಡಿಯುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಆ ದಿನ ಸಿಟ್ಟು ಬಂದದ್ದು ಸಾಹೇಬರ ಮೇಲಲ್ಲ. ಪಾಪ, ಅವರಿಗೇನು ಗೊತ್ತು? ಆ ‘ನಾನು ಸರ್’ ಎಲ್ಲಿ ಹುಟ್ಟಿತು ಎಂದು ಗೊತ್ತಿದ್ದವಳು ಆ ಸಭೆಯಲ್ಲಿ ನಾನೊಬ್ಬಳೇ. ನಲವತ್ತೈದು ವರ್ಷದಿಂದ ಅಕ್ಕನಿಗೆ ಹೇಳಬೇಕಾದ ಒಂದು ಮಾತು ನನ್ನಲ್ಲೇ ಉಳಿದಿದೆ. ಮಾತು ದೊಡ್ಡದೇನಲ್ಲ: ಅವತ್ತಿನ ತಪ್ಪು ನನ್ನದು. ಈ ಸಲ ಹೇಳದೆ ಊರಿಗೆ ಮರಳುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿಕೊಂಡೇ ಬಸ್ಸು ಹತ್ತಿದ್ದೆ.

ನಮ್ಮಪ್ಪ ಪುಸ್ತಕದ ರಟ್ಟು ಕಟ್ಟುತ್ತಿದ್ದ. ಬೀದಿಗೆ ಮುಖ ಮಾಡಿ ಅಂಗಡಿ, ಹಿಂದೆ ಎರಡು ಕೋಣೆಯ ಮನೆ, ನಡುವೆ ಒಂದು ಪರದೆ. ಪರದೆಯ ಆಚೆ ಅಪ್ಪನ ಬಾಯಿ ಬೆಲ್ಲ. ಹರಿದ ಪುಸ್ತಕ ತಂದ ಮುದುಕರಿಗೆ ಕುರ್ಚಿ ಹಾಕಿ ಕೂರಿಸುವುದೇನು, “ಹೊಸದಕ್ಕಿಂತ ಚೆನ್ನಾಗಿ ಮಾಡಿಕೊಡ್ತೀನಿ ಸ್ವಾಮಿ” ಎಂದು ಪುಸ್ತಕದ ಬೆನ್ನು ನೇವರಿಸುವುದೇನು! ಹರಿದದ್ದನ್ನು ಅಷ್ಟು ಮೃದುವಾಗಿ ಮುಟ್ಟುವ ಕೈಯನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ. ಪರದೆಯ ಈಚೆಗೆ ಬಂದರೆ ಅದೇ ಕೈಯಲ್ಲಿ ಉಕ್ಕಿನ ಅಡಿಪಟ್ಟಿ ಇರುತ್ತಿತ್ತು.

ಅಮ್ಮ ತೀರಿಕೊಂಡಾಗ ಅಕ್ಕನಿಗೆ ಹತ್ತು, ನನಗೆ ಏಳು, ತಮ್ಮನಿಗೆ ಒಂದು. ತಮ್ಮ ನಮ್ಮ ಹಿಂದೆಯೇ ಅಂಟಿಕೊಂಡು ಓಡಾಡುತ್ತಿದ್ದದ್ದಕ್ಕೆ ಅವನ ಹೆಸರು ಬಾಲ ಎಂದೇ ಆಯಿತು. ಹೆದರಿದಾಗ ಕಣ್ಣು ಪಿಳಿಪಿಳಿ ಬಡಿಯುತ್ತಿದ್ದ ನಾನು ಪಿಳಿ. ಅಕ್ಕನಿಗೆ ಅಡ್ಡಹೆಸರಿಡುವ ಪುರುಸೊತ್ತು ಯಾರಿಗೂ ಇರಲಿಲ್ಲ, ಅವಳು ಬರೀ ಅಕ್ಕ.

ಅಪ್ಪ ಯಾವತ್ತೂ ‘ಯಾಕೆ’ ಎಂದು ಕೇಳಿದವನಲ್ಲ. ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳುತ್ತಿದ್ದ: “ಯಾರು?” ಅಂಟು ಗಟ್ಟಿಯಾದರೂ ಯಾರು, ದಾರ ಸಿಕ್ಕಾದರೂ ಯಾರು. ಯಾರಾದರೊಬ್ಬರು “ನಾನು” ಅನ್ನಬೇಕು. ಅನ್ನದೆ ಬಾಯಿಗೆ ಬೀಗ ಹಾಕಿಕೊಂಡರೆ ಮೂವರಿಗೂ ಬೀಳುತ್ತಿತ್ತು, ನೆಟ್ಟಗೆ ನಡೆಯಲು ಬಾರದ ಬಾಲನಿಗೂ. ಒಂದು ದಿನ ಅವನ ತೊಡೆಯ ಮೇಲೆ ಅಡಿಪಟ್ಟಿಯ ಗುರುತು ಮೂಡಿತು, ಗೆರೆಗಳ ಸಮೇತ. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತ ಒರೆಸುತ್ತ ಅಕ್ಕ ನಿಯಮ ಮಾಡಿದಳು.

“ನೋಡು ಪಿಳಿ, ಇನ್ಮೇಲೆ ಸರದಿ. ತಪ್ಪು ಯಾರದ್ದೇ ಆಗಲಿ, ಬೆಸ ತಾರೀಖು ಬಂದ್ರೆ ನಾನು ‘ನಾನು’ ಅಂತೀನಿ. ಸಮ ಬಂದ್ರೆ ನೀನು ಅನ್ಬೇಕು. ಬಾಲನಿಗೆ ಸರದಿ ಇಲ್ಲ. ಅವನಿಗೆ ಇದನ್ನ ಹೇಳಿಕೊಡೋದೂ ಬೇಡ.”

“ನನಗೆ ಭಯ ಆಗತ್ತೆ ಅಕ್ಕ.”

“ಭಯ ಆಗ್ಲಿ. ನಾಳೆ ನಿನ್ನದಲ್ಲ ಅಂತ ಗೊತ್ತಿದ್ರೆ ಇವತ್ತು ಹೇಗೋ ಕಳೆಯತ್ತೆ.”

ಅವಳು ಹೇಳಿದಂತೆಯೇ ಆಯಿತು. ಮೊದಲು ದಿನ ದಿನವೂ ಹೆದರುತ್ತಿದ್ದ ನಾನು ಈಗ ದಿನ ಬಿಟ್ಟು ದಿನ ಹೆದರತೊಡಗಿದೆ. ಬೆಳಗ್ಗೆ ಎದ್ದವಳೇ ಅಂಗಡಿಯ ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನ ಮುಂದೆ ಹೋಗಿ ನಿಲ್ಲುತ್ತಿದ್ದೆ. ಬೆಸ ಬಂದಿದ್ದರೆ ಅವತ್ತು ಹೊಟ್ಟೆ ತುಂಬ ಉಣ್ಣುತ್ತಿದ್ದೆ, ಶಾಲೆಯಲ್ಲಿ ಪಾಠ ತಲೆಗೆ ಹತ್ತುತ್ತಿತ್ತು, ಹಾಡೂ ಹೇಳಿಕೊಳ್ಳುತ್ತಿದ್ದೆ. ಅವತ್ತು ಅಕ್ಕನ ಹೊಟ್ಟೆಗೆ ಏನು ಹೋಗುತ್ತಿತ್ತು ಎಂದು ಒಂದು ದಿನವೂ ತಿರುಗಿ ನೋಡಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ: ಬೆಸ ತಾರೀಖುಗಳಲ್ಲಿ ನನ್ನ ಬಾಲ್ಯ ಚೆನ್ನಾಗಿಯೇ ಇತ್ತು.

ಹೀಗೆ ಐದು ವರ್ಷ ನಡೆಯಿತು.

ಅಕ್ಟೋಬರ್ ಬಂದರೆ ಅಂಗಡಿಯಲ್ಲಿ ಕ್ಯಾಲೆಂಡರಿನ ಕೆಲಸ ಶುರು. ಉದ್ದ ಮೇಜಿನ ಸುತ್ತ ಹನ್ನೆರಡು ತಿಂಗಳ ಹಾಳೆಗಳನ್ನು ಹನ್ನೆರಡು ರಾಶಿ ಮಾಡಿ ಇಡುತ್ತಿದ್ದರು. ಶಾಲೆ ಬಿಟ್ಟು ಬಂದ ನಾವು ಮೇಜಿಗೆ ಸುತ್ತು ಹಾಕುತ್ತ, ಡಿಸೆಂಬರಿನಿಂದ ಹಿಡಿದು ರಾಶಿಗೊಂದರಂತೆ ಹಾಳೆ ಎತ್ತಿಕೊಳ್ಳುತ್ತ ಬರಬೇಕು. ಜನವರಿಗೆ ಬಂದಾಗ ಒಂದು ಕ್ಯಾಲೆಂಡರ್. ಅಪ್ಪ ಅದರ ತಲೆಗೆ ತಗಡಿನ ಪಟ್ಟಿ ಕೂರಿಸಿ ಒತ್ತುತ್ತಿದ್ದ. ಒಮ್ಮೆ ಪಟ್ಟಿ ಒತ್ತಿದರೆ ಮುಗಿಯಿತು, ಬಿಚ್ಚಲು ಹೋದರೆ ಹಾಳೆ ಹರಿಯುತ್ತದೆ. ದಿನಕ್ಕೆ ಇನ್ನೂರು ಸುತ್ತು ಹಾಕಿದರೆ ತಲೆ ಗಿರ್ ಅನ್ನುತ್ತಿತ್ತು. ಬಾಲನಿಗೆ ಆಗ ಆರು ವರ್ಷ, ಮೇಜಿನ ಮೇಲೆ ಕುಳಿತು ನಾವು ಸುತ್ತುವುದನ್ನು ನೋಡುವುದೇ ಅವನಿಗೆ ಆಟ.

ಆ ವರ್ಷ ಅಕ್ಟೋಬರಿನ ಕೊನೆಯ ವಾರ ನಾನು ಅವನಿಗೆ ಕೂರಲು ಜಾಗ ಮಾಡಿಕೊಡಲೆಂದು ಎರಡು ರಾಶಿಗಳನ್ನು ಎತ್ತಿ ಕೆಳಗಿಟ್ಟೆ. ಅವನು ಇಳಿದುಹೋದ ಮೇಲೆ ವಾಪಸು ಮೇಲಿಟ್ಟೆ. ಇಡುವಾಗ ಜುಲೈ ಇದ್ದಲ್ಲಿ ಆಗಸ್ಟ್, ಆಗಸ್ಟ್ ಇದ್ದಲ್ಲಿ ಜುಲೈ. ಅಕ್ಕ ಒಳಗೆ ಅಡುಗೆ ಮಾಡುತ್ತಿದ್ದಳು. ಆಮೇಲೆ ಬಂದು ಅವಳೂ ಸುತ್ತಿದಳು, ನಾನೂ ಸುತ್ತಿದೆ. ರಾಶಿ ನೋಡಿ ಕೈ ಹಾಕುವ ಅಭ್ಯಾಸ ನಮಗಿರಲಿಲ್ಲ, ಜಾಗ ನೋಡಿ ಹಾಕುತ್ತಿದ್ದೆವು. ಮುನ್ನೂರು ಕ್ಯಾಲೆಂಡರ್ ಹಾಗೆಯೇ ಹೋಯಿತು.

ಮೂವತ್ತೊಂದರ ದಿನ ಬಾಲ ಅಂಟಿನ ಡಬ್ಬಿ ಉರುಳಿಸಿದ. “ಯಾರು?” ಬೆಸ ತಾರೀಖು, ಅಕ್ಕ “ನಾನು” ಎಂದಳು. ಅಡಿಪಟ್ಟಿ ಬಲಗೈಯ ಅಂಗೈ ಮೇಲೆ ಎಷ್ಟು ಸಲ ಬಿತ್ತೋ ನಾನು ಎಣಿಸಲಿಲ್ಲ, ಪರದೆಯ ಹಿಂದೆ ಕಿವಿ ಮುಚ್ಚಿಕೊಂಡಿದ್ದೆ. ಮಾರನೇ ದಿನ ಅವಳ ಕೈ ಊದಿ ತಟ್ಟೆಯಲ್ಲಿದ್ದದ್ದನ್ನು ಎತ್ತಿಕೊಳ್ಳಲಾಗದೆ ಎಡಗೈಯಲ್ಲಿ ಉಂಡಳು.

ಆ ಮಾರನೇ ದಿನವೇ, ನಾವು ಶಾಲೆಯಲ್ಲಿ ರಾಜ್ಯೋತ್ಸವದ ಬಾವುಟ ಹಾರಿಸಿ ಮನೆಗೆ ಬಂದಾಗ, ಔಷಧಿ ಅಂಗಡಿಯವರು ಒಂದು ಕ್ಯಾಲೆಂಡರ್ ಹಿಡಿದು ಬಂದರು. “ಇದೇನು ಮಾರಾಯರೇ, ನಿಮ್ಮಲ್ಲಿ ಆಗಸ್ಟ್ ಮೊದಲು ಬರತ್ತಾ?” ಎಂದು ನಗುತ್ತಲೇ ಕೇಳಿದರು. ಅಪ್ಪನೂ ನಕ್ಕ. ಅವರನ್ನು ಮೆಟ್ಟಿಲವರೆಗೆ ಕಳಿಸಿಕೊಟ್ಟು ಬಂದ. ಅಂಗಡಿಯ ಬಾಗಿಲು ಎಳೆದುಕೊಂಡ. ಹೊರಗೆ ಇನ್ನೂ ಬಿಸಿಲಿತ್ತು, ಬೀದಿಯಲ್ಲಿ ಸೈಕಲ್ ಗಂಟೆ ಕೇಳುತ್ತಿತ್ತು.

“ಯಾರು?”

ಆ ರಾಶಿ ಎತ್ತಿಟ್ಟ ಕ್ಷಣ ಕಣ್ಣೆದುರು ಬಂದು ನಿಂತಿತು. ನಾನು ಅಕ್ಕನ ಊದಿದ ಕೈ ನೋಡಿದೆ. ಆಮೇಲೆ ಗೋಡೆಯ ಕ್ಯಾಲೆಂಡರ್ ನೋಡಿದೆ. ನವೆಂಬರ್ ಒಂದು. ಬೆಸ. ನಿನ್ನೆಯೂ ಬೆಸ, ಇವತ್ತೂ ಬೆಸ ಎಂದು ಹೊಳೆಯಿತೇ ಎಂದರೆ, ಹೊಳೆಯಿತು. ಅದೇನು ಲೆಕ್ಕ ಎಂದು ಯೋಚಿಸುವ ಗೋಜಿಗೆ ಹೋಗಲಿಲ್ಲ. ನನ್ನದಲ್ಲ ಎಂಬುದಷ್ಟೇ ನನಗೆ ಬೇಕಿತ್ತು. ನಾನು ಕಣ್ಣು ಪಿಳಿಪಿಳಿ ಬಡಿಯುತ್ತ ನಿಂತೆ.

“ನಾನು,” ಎಂದಳು ಅಕ್ಕ.

ರಟ್ಟು ಕಟ್ಟಿದ ಪುಸ್ತಕ ಸೊಟ್ಟಗಾಗದಿರಲು ಒತ್ತಿಡುವ ಯಂತ್ರ ಒಂದಿರುತ್ತದೆ. ಎರಡು ಕಬ್ಬಿಣದ ಹಲಗೆ, ಮೇಲೊಂದು ಚಕ್ರ. ಚಕ್ರ ತಿರುಗಿಸಿದರೆ ಮೇಲಿನ ಹಲಗೆ ಇಳಿಯುತ್ತದೆ. ಅಪ್ಪ ಅವತ್ತು ಅಡಿಪಟ್ಟಿ ಹುಡುಕಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗುವುದಿಲ್ಲ. ಅಕ್ಕ ಕಿರುಚಲಿಲ್ಲ, ಕಿರುಚಿದ್ದು ಬಾಲ.

ಮರುದಿನ ಬೆಳಗ್ಗೆ ಕೈಯ ಬಣ್ಣ ನೋಡಿ ಅಪ್ಪನಿಗೇ ಹೆದರಿಕೆಯಾಯಿತು. ಆಸ್ಪತ್ರೆಗೆ ಕರೆದುಕೊಂಡು ಹೋದ. “ಕೆಲಸ ಮಾಡುವಾಗ ಸಿಕ್ಕಿಕೊಳ್ತು ಅನ್ನಿ, ತಿಳೀತಾ?” ಎಂದು ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟ. ಬಾಲನನ್ನು ಮನೆಯಲ್ಲಿ ಒಂಟಿಯಾಗಿ ಬಿಡಲು ಅಕ್ಕ ಒಪ್ಪದ್ದರಿಂದ ಅವನೂ ನನ್ನ ಕೈ ಹಿಡಿದುಕೊಂಡು ಬಂದಿದ್ದ. ಅಪ್ಪ ಚೀಟಿ ಮಾಡಿಸಲು ಸಾಲಿನಲ್ಲಿ ನಿಂತ, ನರ್ಸ್ ಒಬ್ಬಳು ಕೈ ನೋಡಿದವಳೇ ನಮ್ಮ ಮೂವರನ್ನೂ ಒಳಗೆ ಕಳಿಸಿದಳು.

ಡಾಕ್ಟರಮ್ಮ ದಪ್ಪ ಕನ್ನಡಕದವರು, ಬೆವರಿದ ಹಣೆಯವರು. ಕೈಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಬೆರಳಿನ ಗಾಯದ ಕೆಳಗೆ ಅಡಿಪಟ್ಟಿಯ ಹಳೇ ಗುರುತುಗಳನ್ನೂ ನೋಡಿದರು. ಆಮೇಲೆ ಮೆತ್ತಗೆ ಕೇಳಿದರು, “ಯಾರಮ್ಮ ಮಾಡಿದ್ದು ಇದನ್ನ?”

ಯಾರು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಪ್ಪ ಕಲಿಸಿದ ಪಾಠ ಅಕ್ಕನ ತಲೆಯಿಂದ ಹಾರಿಹೋಯಿತು. “ನಾನು,” ಎಂದಳು.

ನನ್ನ ಕಣ್ಣು ಮೇಜಿನ ಮೇಲಿದ್ದ, ದಿನವೂ ತಾರೀಖು ಬದಲಿಸಿಡುವ ಪುಟ್ಟ ಡಬ್ಬಿಯ ಮೇಲೆ ಬಿತ್ತು. ಎರಡು. ಸಮ. ನನ್ನ ಸರದಿ. ನಾನು ಗಡಬಡಿಸಿ, “ಅಲ್ಲ, ನಾನು,” ಎಂದೆ.

ಡಾಕ್ಟರಮ್ಮ ನಮ್ಮಿಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡಿದರು. ತನ್ನ ಕೈಯನ್ನು ತಾನೇ ಜಜ್ಜಿಕೊಂಡೆ ಎನ್ನುವ ಒಬ್ಬಳು, ಅದನ್ನೂ ಕಸಿದುಕೊಳ್ಳುವ ಇನ್ನೊಬ್ಬಳು. ಮೂಲೆಯಲ್ಲಿ ತೂಕದ ಯಂತ್ರದ ಮೇಲೆ ಹತ್ತಿ ಇಳಿದು ಮುಳ್ಳು ಓಡಿಸುತ್ತಿದ್ದ ಬಾಲ ತಲೆಯೆತ್ತದೆ ಹೇಳಿದ, “ಅಪ್ಪ. ಹೀಗೆ ಚಕ್ರ ತಿರುಗಿಸಿದ.” ಎರಡೂ ಕೈಯೆತ್ತಿ ತಿರುಗಿಸಿ ತೋರಿಸಿದ. ಆಮೇಲೆ ಮತ್ತೆ ತೂಕ ನೋಡಿಕೊಂಡ.

ಅವನಿಗೆ ಸರದಿ ಕಲಿಸದೆ ಬಿಟ್ಟಿದ್ದೆವಲ್ಲ, ಅದೇ ನಮ್ಮನ್ನು ಉಳಿಸಿತು. ಡಾಕ್ಟರಮ್ಮ ಎದ್ದು ಬಾಗಿಲಿನ ಚಿಲಕ ಹಾಕಿದರು. ಮೂರು ಮಕ್ಕಳನ್ನೂ ಒಂಬತ್ತು ದಿನ ವಾರ್ಡಿನಲ್ಲಿ ಇಟ್ಟುಕೊಂಡರು. ಅಪ್ಪ ಮೊದಲ ದಿನ ಬೆಲ್ಲದ ಬಾಯಿ ತಂದ, ಎರಡನೇ ದಿನ ತನ್ನ ನಿಜವಾದ ಬಾಯಿ ತಂದ, ಮೂರನೇ ದಿನ ಪೊಲೀಸರು ಅವನನ್ನು ಕರೆದುಕೊಂಡು ಹೋದರು. ಹತ್ತನೇ ದಿನ ಅಮ್ಮನ ತಂಗಿ, ನಮ್ಮ ಚಿಕ್ಕಮ್ಮ, ಬಂದು ಮೂವರನ್ನೂ ತನ್ನ ಮನೆಗೆ ಒಯ್ದಳು. ಅಲ್ಲಿ ಯಾರೂ ಯಾರನ್ನೂ ಹೊಡೆಯುತ್ತಿರಲಿಲ್ಲ. ಅದು ಅಭ್ಯಾಸವಾಗಲು ನನಗೆ ಎರಡು ವರ್ಷ ಹಿಡಿಯಿತು, ಅಕ್ಕನಿಗೆ ಅಭ್ಯಾಸವಾಗಲೇ ಇಲ್ಲ.

ಬೆಳೆದು ಅವಳು ಹಿಡಿದದ್ದೂ ಅಪ್ಪನ ಕಸುಬನ್ನೇ. ಗ್ರಂಥಾಲಯದ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸಕ್ಕೆ ಸೇರಿದಳು. ನಾನು ಕೂಗಾಡಿದೆ. “ಕಸುಬು ಏನು ಪಾಪ ಮಾಡಿದೆ ಪಿಳಿ?” ಎಂದಳು. ಎರಡು ಬೆರಳು ಮತ್ತು ಎಡಗೈಯಲ್ಲಿ ಹೊಲಿಯಲು ಕಲಿತಳು. ಅವಳು ಕಟ್ಟಿದ ಪುಸ್ತಕ ಮೇಜಿನ ಮೇಲೆ ತೆರೆದಿಟ್ಟರೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ, ಅಷ್ಟು ಹದ. ಆದರೆ ಯಾರಾದರೂ ‘ಯಾರು’ ಎಂದರೆ ಸಾಕು, ಅವಳ ಬಾಯಿಂದ ‘ನಾನು’ ಬಂದುಬಿಡುತ್ತಿತ್ತು. ಯಾರೋ ನಕ್ಷೆಯ ಪುಸ್ತಕದ ಅಂಚನ್ನು ಅಕ್ಷರದ ಸಮೇತ ಕತ್ತರಿಸಿದರು, ನೋಟಿಸು ಅವಳಿಗೆ. ಯಾರೋ ಗೋದಾಮಿನ ಕಿಟಕಿ ಮುಚ್ಚದೆ ಹೋದರು, ಬಡ್ತಿ ತಪ್ಪಿದ್ದು ಅವಳಿಗೆ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೂ, “ತಪ್ಪು ನನ್ನದೇ ಬಿಡಿ,” ಎನ್ನುತ್ತಿದ್ದಳು.

ಅಪ್ಪ ಬೇರೆ ಊರಿನ ಅನಾಥರ ಆಸ್ಪತ್ರೆಯೊಂದರಲ್ಲಿ ಸತ್ತ. ನಾನು ಹೋಗಲಿಲ್ಲ, ಬಾಲನೂ ಹೋಗಲಿಲ್ಲ. ಅಕ್ಕ ಹೋದಳು. ಅವನಿಗೆ ಆಗ ಕಣ್ಣು ಕಾಣುತ್ತಿರಲಿಲ್ಲವಂತೆ. ಹಾಸಿಗೆಯ ಪಕ್ಕ ಹೆಜ್ಜೆ ಸಪ್ಪಳ ಕೇಳಿ “ಯಾರು?” ಎಂದನಂತೆ. ಇವಳು “ನಾನು” ಎಂದಳಂತೆ. ಅಷ್ಟೇ ಮಾತು. ಇದನ್ನು ಅವಳು ನನಗೆ ಹೇಳಿದಾಗ ನಾನು ತಟ್ಟೆ ನೂಕಿ ಊಟ ಬಿಟ್ಟು ಎದ್ದಿದ್ದೆ.

ಬಾಲ ಈಗ ದೂರದ ಊರಿನಲ್ಲಿ ಬಸ್ಸು ಓಡಿಸುತ್ತಾನೆ. ಗಟ್ಟಿಯಾಗಿ ನಗುತ್ತಾನೆ, ಗೊರಕೆ ಹೊಡೆದು ನಿದ್ದೆ ಮಾಡುತ್ತಾನೆ. ಆ ಮನೆಯ ನೆನಪೇ ಅವನಿಗಿಲ್ಲ. ಆಸ್ಪತ್ರೆಯಲ್ಲಿ ಒಂದು ತೂಕದ ಯಂತ್ರ ಇತ್ತಲ್ಲ, ಅದೊಂದು ನೆನಪಿದೆ ಎನ್ನುತ್ತಾನೆ. ಅವನು ಹಾಗೆಂದಾಗಲೆಲ್ಲ ಅಕ್ಕನ ಮುಖ ನೋಡಬೇಕು, ಜೀವನದಲ್ಲಿ ಅವಳು ಗೆದ್ದದ್ದು ಅದೊಂದೇ ಎಂಬಂತೆ ಅರಳುತ್ತದೆ. ನಾನೋ, ಶಾಲೆಯಲ್ಲಿ ಗಾಜು ಒಡೆದರೂ ಯಾರು ಎಂದು ಕೇಳದ ಟೀಚರ್ ಆದೆ. ನಾನೇ ಗುಡಿಸಿಬಿಡುತ್ತೇನೆ. ಉಳಿದ ಟೀಚರುಗಳು ನನ್ನನ್ನು ಸಡಿಲ ಎನ್ನುತ್ತಾರೆ, ಅನ್ನಲಿ.

ನಿವೃತ್ತಿಯ ಮಾರನೇ ದಿನ ಬೆಳಗ್ಗೆ ಅಕ್ಕನ ಮನೆಯ ಅಡುಗೆಕೋಣೆಯಲ್ಲಿ ಚಹಾ ಕುಡಿಯುತ್ತ ಕುಳಿತೆವು. ಕಿಟಕಿಯಿಂದ ಬಿಸಿಲು ಬಂದು ಮೇಜಿನ ಅರ್ಧಕ್ಕೆ ಬಿದ್ದಿತ್ತು. ಅಕ್ಕ ಎದ್ದು ಗೋಡೆಯ ಕ್ಯಾಲೆಂಡರಿನ ಮೇ ಹಾಳೆಯನ್ನು ಹಿಂದಕ್ಕೆ ಮಗುಚಿ, “ನಿನ್ನೆಯೂ ನನ್ನದು, ಇವತ್ತೂ ನನ್ನದು,” ಎಂದು ತನ್ನಷ್ಟಕ್ಕೆ ನಕ್ಕಳು.

“ಏನದು?”

“ಮೂವತ್ತೊಂದು, ಒಂದು. ಎರಡೂ ಬೆಸ ಅಲ್ವೇನೆ. ವರ್ಷಕ್ಕೆ ಏಳು ಸಲ ಹಾಗೆ ಬರತ್ತೆ.”

ನಾನು ಲೋಟ ಕೆಳಗಿಟ್ಟೆ. ಹತ್ತು ವರ್ಷದ ಹುಡುಗಿ, ಒಂದು ಕೈಯಲ್ಲಿ ಒದ್ದೆ ಬಟ್ಟೆ, ಎದುರಿಗೆ ಅಳುವ ಮಗು. ಅವಳು ನಿಯಮ ಹೇಳುವಾಗ ಎಷ್ಟು ಸಲೀಸಾಗಿ ‘ಬೆಸ ನನಗೆ’ ಎಂದಿದ್ದಳು!

“ನಿನಗೆ ಮೊದಲೇ ಗೊತ್ತಿತ್ತಾ ಅಕ್ಕ?”

“ಕ್ಯಾಲೆಂಡರ್ ಅಂಗಡಿಯಲ್ಲಿ ಬೆಳೆದವಳಿಗೆ ಅಷ್ಟೂ ಗೊತ್ತಿರಲ್ವಾ? ನಿನಗೆ ಹೇಳಿದ್ರೆ ‘ಹಾಗಾದ್ರೆ ಬೆಸ ನನಗೇ ಕೊಡು’ ಅಂತ ಹಟ ಹಿಡೀತಿದ್ದೆ. ಅದಕ್ಕೇ ಹೇಳ್ಲಿಲ್ಲ.”

ನಾನು ಹಾಗೆ ಕೇಳುತ್ತಿರಲಿಲ್ಲ. ಏಳು ವರ್ಷದ ಆ ಪಿಳಿಯನ್ನು ನಾನು ಚೆನ್ನಾಗಿ ಬಲ್ಲೆ, ಅವಳು ಬಾಯಿ ಮುಚ್ಚಿಕೊಂಡು ಸಮವನ್ನೇ ಹಿಡಿದುಕೊಳ್ಳುತ್ತಿದ್ದಳು. ಅಕ್ಕ ಇಷ್ಟು ವರ್ಷ ನನ್ನನ್ನು ನಾನಿದ್ದದ್ದಕ್ಕಿಂತ ಒಳ್ಳೆಯವಳು ಎಂದುಕೊಂಡು ಬಂದಿದ್ದಾಳೆ. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಅನ್ನಿಸಿತು.

“ಅಕ್ಕ, ಆ ಕ್ಯಾಲೆಂಡರ್... ಜುಲೈ, ಆಗಸ್ಟ್ ಅದಲುಬದಲಾಗಿದ್ದು. ಅದು ನಾನು ಮಾಡಿದ್ದು. ಬಾಲನನ್ನ ಕೂರಿಸೋಕೆ ರಾಶಿ ಎತ್ತಿಟ್ಟಿದ್ದೆ, ವಾಪಸ್ ಇಡುವಾಗ ತಪ್ಪಿಟ್ಟೆ. ನನಗೆ ಅಲ್ಲೇ ಗೊತ್ತಾಗಿತ್ತು. ನಿನ್ನ ಕೈ ಊದಿದ್ದೂ ನೋಡಿದ್ದೆ. ಆದ್ರೂ ಸುಮ್ಮನೆ ನಿಂತೆ.”

ಅವಳು ಬೈಯಬಹುದು, ಅಳಬಹುದು, ‘ನನಗೆ ಗೊತ್ತಿತ್ತು ಬಿಡು’ ಎನ್ನಬಹುದು ಎಂದು ನಲವತ್ತೈದು ವರ್ಷ ಏನೇನೋ ಊಹಿಸಿದ್ದೆ. ಅಕ್ಕ ಮಾತ್ರ ನಿಜವಾಗಿ ಗೊಂದಲಕ್ಕೆ ಬಿದ್ದವಳಂತೆ ಹುಬ್ಬು ಗಂಟಿಕ್ಕಿದಳು.

“ಇಲ್ಲ ಕಣೇ. ಅದು ನಾನೇ ಅಲ್ವಾ ಮಾಡಿದ್ದು?”

“ನೀನಲ್ಲ ಅಕ್ಕ. ನೀನು ಒಳಗೆ ಅಡುಗೆ ಮಾಡ್ತಿದ್ದೆ.”

“ನಾನೇ. ನನಗೆ ಚೆನ್ನಾಗಿ ನೆನಪಿದೆ. ಹಿಂದಿನ ದಿನ ಏಟು ಬಿದ್ದಿತ್ತಲ್ಲ, ಆ ಗ್ಯಾನದಲ್ಲಿ ರಾಶಿ ತಪ್ಪಿಟ್ಟುಬಿಟ್ಟೆ. ಮುನ್ನೂರು ಕ್ಯಾಲೆಂಡರ್ ಹಾಳು ಮಾಡಿದೆನಲ್ಲ ಅಂತ ಎಷ್ಟು ವರ್ಷ ಕೊರಗಿದ್ದೀನಿ ಗೊತ್ತಾ? ಬೇರೆ ಏಟೆಲ್ಲ ಸುಮ್ಮಸುಮ್ಮನೆ ತಿಂದದ್ದು. ಅದೊಂದು ಮಾತ್ರ ನನ್ನ ತಪ್ಪಿಗೇ ತಿಂದೆ ಅಂತ ಮನಸ್ಸಿಗೆ ಸಮಾಧಾನ ಮಾಡ್ಕೊಂಡಿದ್ದೀನಿ.”

ರಾಶಿ ಬದಲಾದದ್ದು ಏಟು ಬೀಳುವ ಮೊದಲು ಎಂದು ಹೇಳಿದೆ. ಬಾಲ ಕುಳಿತ ಜಾಗ ಹೇಳಿದೆ. ಅವಳು ತಲೆ ಅಲ್ಲಾಡಿಸುತ್ತಲೇ ಇದ್ದಳು. ‘ನಾನು, ನಾನು’ ಎಂದು ಹೇಳಿ ಹೇಳಿ, ಯಾವುದು ತನ್ನದು ಯಾವುದು ಅಲ್ಲ ಎಂಬುದೇ ಅವಳಿಗೆ ಅಳಿಸಿಹೋಗಿತ್ತು. ಆ ಬೆರಳುಗಳನ್ನು ಅವಳು ದಿನವೂ ನೋಡಿಕೊಂಡಿದ್ದಾಳೆ, ದಿನವೂ ತನ್ನದೇ ತಪ್ಪು ಎಂದುಕೊಂಡಿದ್ದಾಳೆ. ನನ್ನ ಒಂದು ಕ್ಷಣದ ಮೌನ ಅವಳ ಮೂರು ಬೆರಳು ಮಾತ್ರ ತೆಗೆದುಕೊಂಡಿತು ಎಂದು ನಾನು ತಿಳಿದಿದ್ದೆ.

ನಾನು ಮೇಜಿಗೆ ಹಣೆಯಿಟ್ಟು ಅತ್ತೆ. “ನಾನು ಅಕ್ಕ. ಮಾಡಿದ್ದು ನಾನು,” ಎಂದು ಮತ್ತೆ ಮತ್ತೆ ಹೇಳಿದೆ. ಅಕ್ಕ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ನೆಟ್ಟಗಾಗದ ಆ ಬೆರಳುಗಳಿಂದ ನನ್ನ ತಲೆ ನೇವರಿಸಿದಳು.

“ಬೇರೆಯವರ ತಪ್ಪನ್ನೆಲ್ಲ ಮೈಮೇಲೆ ಎಳ್ಕೊಳ್ಳೋ ಚಾಳಿ ನಿನಗೆ ಯಾಕೆ ಬಂತೇ ಪಿಳಿ?” ಎಂದಳು. “ಅಳಬೇಡ. ಇವತ್ತು ಒಂದನೇ ತಾರೀಖು. ನಿನ್ನ ಸರದಿ ಅಲ್ಲ.”